ಇರುವೆ ಓಡಿಸಲು ಸಾಗರ ದಾಟಿದವರು

ಬೆಲ್ಲದ ಡಬ್ಬಿಯ ಮುಚ್ಚಳ ಒಂದು ರಾತ್ರಿ ಸಡಿಲವಾಗಿದ್ದರೆ ಬೆಳಿಗ್ಗೆ ಏನಾಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಅರಿಸಿನ ಉದುರಿಸುತ್ತೇವೆ, ಹಾಲಿನ ಪಾತ್ರೆಯನ್ನು ನೀರಿನ ತಟ್ಟೆಯಲ್ಲಿಡುತ್ತೇವೆ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ಅದೇ ಸಾಲು! ಹೀಗಿರುವಾಗ ಇಡೀ ಒಂದು ದ್ವೀಪದಿಂದಲೇ ಇರುವೆ ತೊಲಗಿಸಿದವರಿದ್ದಾರೆ ಎಂದು ನನ್ನ ಮಗಳು ಓದಿ ಹೇಳಿದಾಗ, ಸೌಟು ಕೆಳಗಿಟ್ಟು ಕೇಳುತ್ತ ಕೂತೆ.

ಪೆಸಿಫಿಕ್ ಸಾಗರದಲ್ಲಿ, ಹೊನೊಲುಲು ಪಟ್ಟಣದಿಂದ ಸುಮಾರು 1,300 ಕಿ.ಮೀ. ದೂರದಲ್ಲಿ ಜಾನ್‌ಸ್ಟನ್ ಎಂಬ ಹವಳದ್ವೀಪವಿದೆ. ಅಮೆರಿಕಕ್ಕೆ ಸೇರಿದ್ದು. 1926ರಲ್ಲೇ ಅದನ್ನು ಹಕ್ಕಿಗಳಿಗೆಂದು ಮೀಸಲಿಟ್ಟಿದ್ದರು. ಆಮೇಲೆ ಸೈನ್ಯ ಬಂತು, ಅಣುಬಾಂಬಿನ ಪರೀಕ್ಷೆ ನಡೆಯಿತು, ವಿಷಾನಿಲದ ಅಸ್ತ್ರಗಳನ್ನು ಸುಡುವ ಕಾರ್ಖಾನೆಯೂ ಬಂತು. 2004ರಲ್ಲಿ ಸೈನ್ಯ ಹೊರಟುಹೋಯಿತು. ಹಕ್ಕಿಗಳು ಮಾತ್ರ ಉಳಿದವು.

ಅಲ್ಲೊಂದು ಚೆಂದದ ಕಡಲಹಕ್ಕಿಯಿದೆ. ಮೈಯೆಲ್ಲ ಬಿಳಿ, ಬಾಲದಲ್ಲಿ ಉದ್ದನೆಯ ಎರಡು ಕೆಂಪು ಗರಿ. ಆಕಾಶದಲ್ಲಿ ರಾಣಿಯಂತೆ ಹಾರುವ ಇದಕ್ಕೆ ನೆಲದ ಮೇಲೆ ನಡೆಯಲು ಬಾರದು, ಹೊಟ್ಟೆ ಎಳೆದುಕೊಂಡೇ ಹೋಗಬೇಕು. ಪೊದೆಯ ಕೆಳಗೆ ನೆಲದ ಮೇಲೇ ಒಂದೇ ಒಂದು ಮೊಟ್ಟೆ ಇಡುತ್ತದೆ. ಗಂಡುಹೆಣ್ಣು ಸರದಿಯಂತೆ ಆರು ವಾರ ಕಾವು ಕೊಡುತ್ತವೆ.

2010ರಲ್ಲಿ ಅಲ್ಲಿ ಹಳದಿ ಹುಚ್ಚಿರುವೆ ಕಾಣಿಸಿಕೊಂಡಿತು. ದಿಕ್ಕುತಪ್ಪಿದಂತೆ ಅಡ್ಡಾದಿಡ್ಡಿ ಓಡುವುದರಿಂದ ಆ ಹೆಸರು. ಕಚ್ಚುವುದಿಲ್ಲ, ಆಮ್ಲ ಚಿಮ್ಮಿಸುತ್ತದೆ. ಗೂಡಿನಲ್ಲಿ ಕೂತ ಹಕ್ಕಿ ಎದ್ದು ಓಡಲಾರದು, ಮರಿಯಂತೂ ಕೇಳಲೇಬೇಡಿ. ಕಣ್ಣಿಗೆ ಆಮ್ಲ ಬಿದ್ದು ಕುರುಡಾದವು, ಗೂಡು ಬಿಟ್ಟುಹೋದವು. (ಈ ಇರುವೆ ಬಲು ದೂರದ್ದೇನಲ್ಲ. 2022ರಲ್ಲಿ ತಮಿಳುನಾಡಿನ ದಿಂಡಿಗಲ್ ಕಡೆಯ ಹಳ್ಳಿಗಳಲ್ಲಿ ದನಕರುಗಳನ್ನು ಕಾಡಿ ಸುದ್ದಿಯಾಗಿತ್ತು.)

ಆಗ ಹೊರಟವರು ಸ್ವಯಂಸೇವಕರು. ಐದಾರು ಜನರ ತಂಡ, ಒಂದೊಂದು ತಂಡಕ್ಕೆ ಸುಮಾರು ಆರು ತಿಂಗಳ ವಾಸ. ಡೇರೆಯೇ ಮನೆ. ಅಂಗಡಿಯಿಲ್ಲ, ನೆರೆಹೊರೆಯಿಲ್ಲ, ಉಪ್ಪಿನಿಂದ ಹಿಡಿದು ಎಲ್ಲವೂ ಹಡಗಿನಲ್ಲೇ ಬರಬೇಕು. ಉಪ್ಪು ಮುಗಿದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವ ನಾವು ಇದ್ದೇವಾ ಹೇಳಿ?

ಅವರ ಕೆಲಸವೆಂದರೆ ಒಂದು ಬಗೆಯ ಅಡಿಗೆಯೇ. ಇರುವೆಗೆ ಏನು ರುಚಿಸುತ್ತದೆಂದು ಹುಡುಕಿ, ಡಬ್ಬಿಯಲ್ಲಿ ಬರುವ ಬೆಕ್ಕಿನ ಆಹಾರ ಮತ್ತು ಮೆಕ್ಕೆಜೋಳದ ಸಿಹಿಪಾಕ ಕಲಸಿ, ಅದಕ್ಕೆ ವಿಷ ಬೆರೆಸುವುದು. ಇಲ್ಲೇ ಇರೋದು ಹದ. ವಿಷ ಕೂಡಲೇ ಕೊಂದರೆ ಕೆಲಸ ಕೆಟ್ಟಿತು. ಆಳಿರುವೆ ಅದನ್ನು ಗೂಡಿಗೆ ಹೊತ್ತು ರಾಣಿಗೆ ತಿನ್ನಿಸಬೇಕು. ಒಂದು ಗೂಡಿಗೆ ಒಂದೇ ರಾಣಿಯಲ್ಲ, ಹಲವು! ಮೊದಲ ವರ್ಷಗಳಲ್ಲಿ ಇರುವೆ ಕಡಿಮೆಯಾದವು, ಮತ್ತೆ ತುಂಬಿಕೊಂಡವು. ಒಂದು ತಂಡ ಮುಗಿಸಿ ಹೋದದ್ದನ್ನು ಮುಂದಿನ ತಂಡ ಪುನಃ ಶುರುಮಾಡಿತು. ವಿಷ ಬದಲಿಸಿದ ಮೇಲೆ, 2017ರ ಕೊನೆಗೆ ಕಣ್ಣಿಗೆ ಬಿದ್ದದ್ದೇ ಕಡೆಯದು. ಆದರೂ ನಂಬಲಿಲ್ಲ. ಮೂರು ವರ್ಷಕ್ಕೂ ಮಿಕ್ಕಿ ಹುಡುಕಿದರು, ವಾಸನೆ ಹಿಡಿಯಲು ಕಲಿಸಿದ ನಾಯಿಗಳನ್ನೂ ಕರೆತಂದರು. 2021ರಲ್ಲಿ ಇರುವೆ ನಿರ್ಮೂಲವಾಯಿತೆಂದು ಸಾರಿದರು. ಆ ಹೊತ್ತಿಗೆ ಕೆಂಪುಬಾಲದ ಹಕ್ಕಿಯ ಗೂಡುಗಳು ಸುಮಾರು ಮೂರು ಪಟ್ಟಾಗಿದ್ದವು.

ಇದನ್ನೆಲ್ಲ ನಮ್ಮತ್ತೆಗೆ ಹೇಳಿದೆ. ಅವರು ದಿನಾ ಅಂಗಳದ ಇರುವೆಗೂಡಿಗೆ ಚಿಟಿಕೆ ಸಕ್ಕರೆ ಹಾಕುವವರು. "ಇರುವೇನೂ ಜೀವ ಅಲ್ವೇನೇ?" ಎಂದರು. ತಪ್ಪೇನಿಲ್ಲ ಆ ಮಾತಿನಲ್ಲಿ. ಲಕ್ಷಾಂತರ ಜೀವ ಕೊಂದದ್ದು ನನಗೂ ಒಂದು ಕ್ಷಣ ಚುಚ್ಚಿತು. ಆದರೆ ಇರುವೆ ತಾನಾಗಿ ಸಾಗರ ದಾಟಲಿಲ್ಲ, ಮನುಷ್ಯರ ಸಾಮಾನಿನ ಜೊತೆ ಹೋಯಿತು. ತಂದು ಹಾಕಿದವರೇ ತೆಗೆಯಬೇಕಲ್ಲವೇ? ಹಾಗೆಂದೆ. ಅತ್ತೆ ಒಪ್ಪಿದರೋ ಇಲ್ಲವೋ, ತುಸು ಹೊತ್ತು ಬಿಟ್ಟು, "ಆ ಕುರುಡು ಹಕ್ಕಿಗೆ ಮೀನು ಯಾರು ತಂದುಕೊಡ್ತಿದ್ರೋ" ಎಂದರು.

ಈಗ ಆ ಕಡೆಯ ದ್ವೀಪಗಳಿಗೆ ಕೆಲಸಕ್ಕೆ ಹೋಗುವವರು ಬೀಜ, ಹುಳ, ಇರುವೆ ಜೊತೆಯಲ್ಲಿ ಹೋಗದಿರಲೆಂದು ಬಟ್ಟೆಬರೆಯನ್ನು ಮೊದಲು ಫ್ರೀಜರ್‌ನಲ್ಲಿ ಇಡಬೇಕಂತೆ. ಇದನ್ನು ಕೇಳಿ ಅತ್ತೆ ಬಿದ್ದುಬಿದ್ದು ನಕ್ಕರು. "ಸೀರೇನೂ ಇಡ್ತಾರಾ?"