ಮುಕ್ತ ತಂತ್ರಾಂಶ ಸಮುದಾಯಗಳಲ್ಲಿ ವಾದದ ಮರ್ಯಾದೆ: ಕನ್ನಡ ಲಿಪಿಸಂಕೇತದ ನಿದರ್ಶನ

ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಮುಕ್ತ ತಂತ್ರಾಂಶವೆಂದು ಕರೆಯಲಾಗುತ್ತದೆ. ಇದನ್ನು ಕಟ್ಟುವವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವವರು, ಪರಸ್ಪರ ಮುಖಪರಿಚಯವೂ ಇಲ್ಲದವರು. ಆಜ್ಞಾಪಿಸುವ ಯಜಮಾನನಿಲ್ಲದ ಕಡೆ ದೊಡ್ಡ ಬದಲಾವಣೆಗಳು ವಾದದ ಮೂಲಕವೇ ತೀರ್ಮಾನವಾಗಬೇಕು. ವಾದ ಕೆಟ್ಟರೆ ದುಡಿಯುವವರು ದೂರವಾಗುತ್ತಾರೆ. ಅವರೊಡನೆ ಆ ತಂತ್ರಾಂಶದ ತಿಳಿವಳಿಕೆಯೂ ಕಳೆದುಹೋಗುತ್ತದೆ.

ಭಾರತೀಯ ನ್ಯಾಯಶಾಸ್ತ್ರವು ಚರ್ಚೆಯನ್ನು ಮೂರು ಬಗೆಯಾಗಿ ವಿಂಗಡಿಸಿದೆ. ತತ್ತ್ವನಿರ್ಣಯಕ್ಕಾಗಿ ನಡೆಯುವುದು ವಾದ. ಗೆಲುವಿಗಾಗಿ ನಡೆಯುವುದು ಜಲ್ಪ. ತನ್ನ ಪಕ್ಷವನ್ನು ಸ್ಥಾಪಿಸದೆ ಎದುರು ಪಕ್ಷವನ್ನು ಖಂಡಿಸುವುದಷ್ಟೇ ವಿತಂಡೆ. ತಾಂತ್ರಿಕ ಚರ್ಚೆಯು ಯಾವ ಸಂದರ್ಭದಲ್ಲಿ ಜಲ್ಪವಾಗಿ ಮಾರ್ಪಡುತ್ತದೆ ಎಂಬುದನ್ನು ಅರಿಯಲು ಕನ್ನಡದ ಅನುಭವವೇ ನೆರವಾಗುತ್ತದೆ.

‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳ ತುಣುಕುಗಳನ್ನು ರೋಮನ್ ಅಕ್ಷರಗಳಿಗೆ ಮೀಸಲಾದ ಸಂಕೇತಸ್ಥಾನಗಳಲ್ಲಿ ಇರಿಸಲಾಗಿತ್ತು. ಯುನಿಕೋಡ್ ವ್ಯವಸ್ಥೆಯು ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನೇ ನೀಡಿತು. ಹುಡುಕಾಟ, ಅಕಾರಾದಿ ಜೋಡಣೆ, ಗ್ರಂಥಸೂಚಿ ಇವೆಲ್ಲಕ್ಕೂ ಇದು ಅಗತ್ಯವೆಂಬುದು ತಂತ್ರಾಂಶ ರಚಿಸುವವರ ನಿಲುವು. ಆದರೆ ರಾಜಾಜಿನಗರ, ವಿಜಯನಗರದಂತಹ ಬಡಾವಣೆಗಳ ಡಿಟಿಪಿ ಅಂಗಡಿಯವರ ಮುಂದಿದ್ದ ಪ್ರಶ್ನೆ ಬೇರೆ. ಅವರು ಬಳಸುತ್ತಿದ್ದ ಪೇಜ್‌ಮೇಕರ್ ಯುನಿಕೋಡ್ ಕನ್ನಡವನ್ನು ಸರಿಯಾಗಿ ಮೂಡಿಸುತ್ತಿರಲಿಲ್ಲ. ಹಳೆಯ ಕಡತಗಳೆಲ್ಲ ಹಳೆಯ ಸಂಕೇತದಲ್ಲಿದ್ದವು. ಇಲ್ಲಿ ಎರಡೂ ಪಕ್ಷಗಳ ಮಾತು ನಿಜವೇ ಆಗಿತ್ತು. ಬದಲಾವಣೆಯ ಲಾಭ ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ ಎಂದಾಗ ವಾದ ಜಲ್ಪಕ್ಕೆ ಜಾರುತ್ತದೆ. ಇಂತಹ ವಿವಾದವನ್ನು ಸಡಿಲಿಸುವುದು ಉಪದೇಶವಲ್ಲ, ಪರಿವರ್ತಕ ತಂತ್ರಾಂಶ. ಹಳೆಯ ಕಡತವನ್ನು ಯುನಿಕೋಡಿಗೆ ಮಾರ್ಪಡಿಸುವ ಸಾಧನಗಳು ಮುಕ್ತ ತಂತ್ರಾಂಶವಾಗಿಯೂ ದೊರೆತಾಗ, ಆಕ್ಷೇಪಿಸಿದವರ ನಷ್ಟವೇ ಮಾಡಬೇಕಾದ ಕೆಲಸಗಳ ಪಟ್ಟಿಯಲ್ಲಿ ಸೇರಿದಂತಾಯಿತು.

ಇನ್ನೂ ಸೂಕ್ಷ್ಮವಾದ ನಿದರ್ಶನ ಹಳಗನ್ನಡದ ‘ೞ’ ಅಕ್ಷರದ್ದು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ವಿಶೇಷವಾಗಿ ವಿವೇಚಿಸಿದ ಈ ಅಕ್ಷರಕ್ಕೆ ಯುನಿಕೋಡ್ ಪಟ್ಟಿಯಲ್ಲಿ ತಪ್ಪಾಗಿ ಇಂಗ್ಲಿಷಿನ ‘ಎಫ್’ ಧ್ವನಿಯನ್ನು ಸೂಚಿಸುವ ಹೆಸರು ಬಿದ್ದಿತು. ತಪ್ಪನ್ನು ತಿದ್ದಬೇಕೆಂಬುದು ಭಾಷಾವಿದ್ವಾಂಸರ ನ್ಯಾಯವಾದ ಅಪೇಕ್ಷೆ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಿದರೆ ಅದನ್ನು ನೆಚ್ಚಿದ ತಂತ್ರಾಂಶಗಳು ಕೆಡುತ್ತವೆ ಎಂಬುದು ಸಂಕೇತಕಾರರ ಅಷ್ಟೇ ನ್ಯಾಯವಾದ ಭಯ. 1996ರ ಎರಡನೆಯ ಆವೃತ್ತಿಯಿಂದೀಚೆಗೆ ಹೆಸರುಗಳನ್ನು ಬದಲಿಸುವಂತಿಲ್ಲ ಎಂಬ ನಿಯಮವಿದೆ. ಪರಿಹಾರವಾಗಿ ಹಳೆಯ ಹೆಸರನ್ನು ಹಾಗೆಯೇ ಉಳಿಸಿ, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯನಾಮವಾಗಿ ದಾಖಲಿಸಲಾಯಿತು. ‘ಫ಼’, ‘ಜ಼’ಗಳಿಗೆ ಬೇಕಾದ ನುಕ್ತಾ ಚಿಹ್ನೆಯು 2003ರ ನಾಲ್ಕನೆಯ ಆವೃತ್ತಿಯಲ್ಲಿ ಸೇರಿತು. ತಪ್ಪು ದಾಖಲೆಯಲ್ಲಿ ಒಪ್ಪಿತವಾಯಿತು, ಯಾರೂ ಸೋಲಬೇಕಾಗಲಿಲ್ಲ.

ಅನ್ಯತ್ರ ಕಂಡುಬರುವ ಅನುಭವವೂ ಇದನ್ನೇ ಸಮರ್ಥಿಸುತ್ತದೆ. 2014ರ ಫೆಬ್ರವರಿಯಲ್ಲಿ ಡೆಬಿಯನ್ ಸಮುದಾಯದ ತಾಂತ್ರಿಕ ಸಮಿತಿಯು ‘ಸಿಸ್ಟಂಡಿ’ಯ ಪ್ರಶ್ನೆಯಲ್ಲಿ ಸಮಸಮವಾಗಿ ಒಡೆದು, ಅಧ್ಯಕ್ಷರ ನಿರ್ಣಾಯಕ ಮತದಿಂದ ತೀರ್ಮಾನ ಹೊರಬಿದ್ದಿತು, ಆದರೆ ವಿವಾದ ಅಲ್ಲಿಗೆ ನಿಲ್ಲದೆ ನವೆಂಬರಿನಲ್ಲಿ ಸದಸ್ಯರೆಲ್ಲರ ಮತದಾನದವರೆಗೆ ಬೆಳೆಯಿತು. ಪೈಥಾನ್ ಭಾಷೆಯಲ್ಲಿ ಪ್ರಮುಖ ಬದಲಾವಣೆಗಳಿಗೆ ಸಂಖ್ಯೆಯುಳ್ಳ ಲಿಖಿತ ಪ್ರಸ್ತಾವವಿರುತ್ತದೆ. ಆದರೂ 2018ರಲ್ಲಿ 572ನೆಯ ಪ್ರಸ್ತಾವದ ಕಟು ಚರ್ಚೆಯ ತರುವಾಯ ಅದರ ಜನಕ ಗಿಡೊ ವಾನ್ ರಾಸಮ್ ನಾಯಕತ್ವ ತೊರೆದರು. 2019ರಲ್ಲಿ ಐವರ ಚುನಾಯಿತ ಮಂಡಲಿ ಹೊಣೆ ಹೊತ್ತಿತು. ಅಂತರಜಾಲದ ಮಾನಕಗಳನ್ನು ರೂಪಿಸುವ ಐಇಟಿಎಫ್ 2014ರ ದಾಖಲೆಯೊಂದರಲ್ಲಿ ತಲೆ ಎಣಿಕೆಗಿಂತ ಆಕ್ಷೇಪಗಳಿಗೆ ಉತ್ತರ ದೊರೆತಿದೆಯೇ ಎಂಬುದು ಮುಖ್ಯವೆಂದು ವಿವರಿಸಲಾಗಿದೆ. ಆಕ್ಷೇಪವನ್ನು ಒಪ್ಪಲೇಬೇಕೆಂದಿಲ್ಲ, ಆದರೆ ಪರಿಶೀಲಿಸಿರಬೇಕು.

ಈ ನಿದರ್ಶನಗಳಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಪ್ರಸ್ತಾವವು ವ್ಯಕ್ತಿಯಿಂದ ಬೇರ್ಪಟ್ಟು ಲಿಖಿತರೂಪದಲ್ಲಿರಬೇಕು. ಬದಲಾವಣೆಯ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದು ಅದರಲ್ಲಿಯೇ ನಮೂದಾಗಿರಬೇಕು. ತಿರಸ್ಕೃತ ಆಕ್ಷೇಪವೂ ಕಾರಣಸಹಿತ ದಾಖಲಾಗಬೇಕು. ನಡವಳಿಕೆಯ ಸಂಹಿತೆಗಳು ಬೈಗುಳವನ್ನು ತಡೆಯಬಲ್ಲವು. ಆದರೆ ತನ್ನ ನಷ್ಟ ಲೆಕ್ಕಕ್ಕೆ ಬಂದಿದೆ ಎಂಬ ನಂಬಿಕೆ ಎದುರು ಪಕ್ಷದವನಿಗೆ ಹುಟ್ಟುವುದು ಇಂತಹ ವಿಧಾನದಿಂದಲೇ. ಆ ನಂಬಿಕೆಯಿದ್ದಾಗ ಚರ್ಚೆ ವಾದವಾಗಿಯೇ ಉಳಿಯುತ್ತದೆ.