ತಾರೆಗಳ ಯುದ್ಧದಲ್ಲಿ ಲೆಕ್ಕಕ್ಕಿಲ್ಲದವರು

‘ಸ್ಟಾರ್ ವಾರ್ಸ್’ ಚಿತ್ರದ ಮುಖ್ಯ ಪಾತ್ರಗಳು ಯಾರು ಎಂದು ಕೇಳಿದರೆ ನೀವು ಲ್ಯೂಕ್ ಸ್ಕೈವಾಕರ್, ರಾಜಕುಮಾರಿ ಲೇಯಾ, ಹಾನ್ ಸೋಲೋ, ಕಪ್ಪು ಮುಖವಾಡದ ಡಾರ್ತ್ ವೇಡರ್ ಎಂದು ಬೆರಳು ಮಡಿಸುತ್ತೀರಿ. ತಪ್ಪೇನಿಲ್ಲ. ಆದರೆ ಜಾರ್ಜ್ ಲ್ಯೂಕಸ್ 1977ರಲ್ಲಿ ತೆರೆಗೆ ತಂದ ಮೊದಲ ಚಿತ್ರದ ಆರಂಭವನ್ನು ಇನ್ನೊಮ್ಮೆ ನೋಡಿ. ನಾಯಕ ಲ್ಯೂಕ್ ಬರುವುದೇ ತಡವಾಗಿ. ಅಲ್ಲಿಯವರೆಗೆ ನಮ್ಮನ್ನು ಕರೆದೊಯ್ಯುವವು ಎರಡು ಯಂತ್ರಗಳು: ಸದಾ ಗೊಣಗುವ ಸಿ-ತ್ರೀಪಿಓ, ಮತ್ತು ಮಾತಿನ ಬದಲು ಸಿಳ್ಳೆ ಹಾಕುವ ಗಿಡ್ಡ ಆರ್‌ಟೂ-ಡೀಟೂ. ಕಥೆಯನ್ನು ಹೀಗೆ ತೀರ ಕೆಳಗಿನವರ ಕಡೆಯಿಂದ ಹೇಳುವ ಉಪಾಯಕ್ಕೆ ಜಪಾನಿನ ಅಕಿರಾ ಕುರೊಸಾವಾ ಅವರ 1958ರ ಚಿತ್ರ ‘ದಿ ಹಿಡನ್ ಫೋರ್ಟ್ರೆಸ್’ ಪ್ರೇರಣೆ ಎಂದು ಲ್ಯೂಕಸ್ ಒಪ್ಪಿಕೊಂಡಿದ್ದಾರೆ. ಅಲ್ಲಿ ಸೇನಾನಿ ಮತ್ತು ರಾಜಕುಮಾರಿಯ ಸಾಹಸವನ್ನು ನಾವು ನೋಡುವುದು ಇಬ್ಬರು ಜಗಳಗಂಟ ರೈತರ ಜೊತೆಯಲ್ಲಿ.

ಈಗ ಒಂದು ದೃಶ್ಯವನ್ನು ಗಮನಿಸಿ. ಇಡೀ ಗ್ರಹವನ್ನೇ ಸಿಡಿಸಬಲ್ಲ ‘ಡೆತ್ ಸ್ಟಾರ್’ ಎಂಬ ನೆಲೆಯನ್ನು ಸಾಮ್ರಾಜ್ಯ ಕಟ್ಟಿದೆ. ಅದರ ನಕ್ಷೆ ಆರ್‌ಟೂವಿನ ಒಡಲಲ್ಲಿದೆ. ಯಂತ್ರಗಳೆರಡೂ ಪುಟ್ಟ ಕೋಶವೊಂದರಲ್ಲಿ ಕುಳಿತು ನೌಕೆಯಿಂದ ಹೊರಬೀಳುತ್ತವೆ. ಶತ್ರುವಿನ ಫಿರಂಗಿಗೆ ಅದು ಸುಲಭದ ಗುರಿ. ಆದರೆ ಅಧಿಕಾರಿ ತಡೆಯುತ್ತಾನೆ: ಒಳಗೆ ಜೀವಿಗಳಿಲ್ಲ, ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿರಬೇಕು! ಇಡೀ ಚಿತ್ರದಲ್ಲಿ ಅವನ ಹೆಸರನ್ನು ಯಾರೂ ಹೇಳುವುದಿಲ್ಲ. ಯಂತ್ರಗಳು ಲೆಕ್ಕಕ್ಕಿಲ್ಲ ಎಂದ ಅವನ ಆ ತೀರ್ಮಾನದಿಂದ ನಕ್ಷೆ ಉಳಿಯುತ್ತದೆ. ಡೆತ್ ಸ್ಟಾರಿನ ಎರಡು ಮೀಟರ್ ಅಗಲದ ಮರ್ಮಸ್ಥಾನ ಬಯಲಾಗುವುದು ಅದೇ ನಕ್ಷೆಯಿಂದ. (ಆ ಬಳಿಕ ಶೂನ್ಯ ಆಕಾಶದಲ್ಲಿ ಸ್ಫೋಟದ ಸದ್ದು ಕೇಳುತ್ತದೆ. ಗಾಳಿಯಿಲ್ಲದೆ ಸದ್ದು ಹೇಗೆ? ವಿಜ್ಞಾನ ಓದಿದ ನಾನು, ಇದು ಕಲ್ಪನಾಕಥೆ ಎಂದು ಮನ್ನಿಸಿದ್ದೇನೆ. ಪರೀಕ್ಷೆಯಲ್ಲಿ ನೀವು ಹಾಗೆ ಬರೆಯಬೇಡಿ!)

ಮರುಭೂಮಿಯ ಗ್ರಹದಲ್ಲಿ ಲ್ಯೂಕನ ಚಿಕ್ಕಪ್ಪ ಓವನ್ ಮೊದಲು ಕೊಳ್ಳುವುದು ಆರ್‌ಟೂವನ್ನಲ್ಲ, ಕೆಂಪು ಬಣ್ಣದ ಬೇರೊಂದು ಯಂತ್ರವನ್ನು. ಅದು ನಾಲ್ಕು ಹೆಜ್ಜೆ ಸರಿಯುವಷ್ಟರಲ್ಲಿ ಹೊಗೆಯಾಡಿ ಕೆಟ್ಟು ನಿಂತಿತು, ಕಥೆ ಮುಂದೆ ಸಾಗಿತು. ಆದರೆ ಯಂತ್ರಗಳನ್ನು ಹುಡುಕಿ ಬಂದ ಸೈನಿಕರು ಓವನ್‌ನನ್ನೂ ಚಿಕ್ಕಮ್ಮ ಬೆರುವನ್ನೂ ಕೊಲ್ಲುತ್ತಾರೆ. ಲ್ಯೂಕನನ್ನು ಸಾಕಿ ಬೆಳೆಸಿದ ಈ ಇಬ್ಬರಿಗಾಗಿ ಚಿತ್ರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಇದು ಅದರ ದೊಡ್ಡ ಕೊರತೆ ಎಂದೇ ನನ್ನ ಭಾವನೆ.

ದೊಡ್ಡ ಪಾತ್ರವೂ ಒಬ್ಬರಿಂದಾದದ್ದಲ್ಲ. ವೇಡರ್‌ಗೆ ದೇಹ ಡೇವಿಡ್ ಪ್ರೌಸ್ ಅವರದು, ಕಂಠ ಜೇಮ್ಸ್ ಅರ್ಲ್ ಜೋನ್ಸ್ ಅವರದು. ಎದೆ ನಡುಗಿಸುವ ಆ ಉಸಿರನ್ನು ಶಬ್ದತಜ್ಞ ಬೆನ್ ಬರ್ಟ್ ಮುಳುಗುಗಾರರ ಉಸಿರಾಟದ ಉಪಕರಣದಿಂದ ಮುದ್ರಿಸಿಕೊಂಡರು. ತೆರೆಯ ಹಿಂದೆ ದುಡಿಯುವ ನಮ್ಮಂಥವರಿಗೆ ಇದು ಸಮಾಧಾನದ ವಿಷಯ.

ಮೊದಲ ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಸರಿಯುವ ಅಕ್ಷರಗಳು ಇನ್ನೊಂದು ಮಾತು ಹೇಳುತ್ತವೆ: ನಕ್ಷೆಯನ್ನು ಬಂಡಾಯದ ಗೂಢಚಾರರು ಕದ್ದರು. ಅಷ್ಟೇ, ಹೆಸರಿಲ್ಲ. 39 ವರ್ಷಗಳ ನಂತರ, 2016ರಲ್ಲಿ, ‘ರೋಗ್ ಒನ್’ ಚಿತ್ರ ಆ ಒಂದು ಸಾಲಿನವರಿಗೆ ಮುಖ ಕೊಟ್ಟಿತು. ಜಿನ್ ಎರ್ಸೋ, ಕ್ಯಾಸಿಯನ್ ಆಂಡೋರ್ ಮತ್ತು ಅವರ ತಂಡದಲ್ಲಿ ಒಬ್ಬರೂ ಉಳಿಯುವುದಿಲ್ಲ. ಕೊನೆಗೆ ವೇಡರ್ ಕತ್ತಿ ಹಿಡಿದು ನುಗ್ಗುವಾಗ, ಬಾಗಿಲು ಅರ್ಧ ಸಿಕ್ಕಿಹಾಕಿಕೊಂಡು ಒಳಗೇ ಉಳಿದ ಸೈನಿಕನೊಬ್ಬ ನಕ್ಷೆಯನ್ನು ಸಂದಿಯಿಂದ ಆಚೆಯವನ ಕೈಗೆ ದಾಟಿಸುತ್ತಾನೆ. ಅದು ಲೇಯಾಳನ್ನು ಸೇರುತ್ತದೆ, ಅವಳಿಂದ ಆರ್‌ಟೂವನ್ನು.