ಫೋನು ತೋರಿಸಿದ ದಾರಿ ಮೋರಿಗೆ ಹೋಯ್ತು ಸ್ವಾಮಿ!

ಬೆಳಗಿನ ಜಾವ ನಾಲ್ಕೂವರೆ. ಸಾಲಗಾಮೆ ರಸ್ತೆಯಿಂದ ಒಳಗೆ ತಿರುಗುವ ಒಂದು ಬಡಾವಣೆಯ ದಾರಿ. ಮದುವೆ ಮನೆಗೆ ಪಾತ್ರೆ, ಕುರ್ಚಿ, ಶಾಮಿಯಾನ ಹೊತ್ತು ಬರುತ್ತಿದ್ದ ಟೆಂಪೊ ಒಂದು ಒಡೆದ ಮೋರಿಯೊಳಕ್ಕೆ ಮುಂದಿನ ಗಾಲಿ ಇಳಿಸಿ ನಿಂತುಬಿಟ್ಟಿತು. ಚಾಲಕ ಹೊರ ಜಿಲ್ಲೆಯವನು. ಸ್ಟೇರಿಂಗ್ ಪಕ್ಕ ಸಿಕ್ಕಿಸಿದ್ದ ಫೋನು ಮಾತ್ರ ಏನೂ ಆಗಿಲ್ಲವೆಂಬಂತೆ "ನೇರವಾಗಿ ಮುಂದುವರಿಯಿರಿ" ಎಂದು ಹೆಣ್ಣು ದನಿಯಲ್ಲಿ ಹೇಳುತ್ತಲೇ ಇತ್ತಂತೆ.

ಸದ್ದು ಕೇಳಿ ಎದ್ದು ಬಂದ ಹಿರಿಯರೊಬ್ಬರು, "ಅಲ್ಲಪ್ಪಾ, ಆ ಡಬ್ಬ ನಂಬೋ ಬದ್ಲು ಯಾರನ್ನಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?" ಅಂದರು. ಚಾಲಕ ತಲೆ ಕೆರೆದುಕೊಂಡು, "ಕೇಳೋಕೆ ಈ ಹೊತ್ನಲ್ಲಿ ನಾಯಿ ಬಿಟ್ರೆ ಇಲ್ಯಾರಿದ್ರು ಯಜಮಾನ್ರೇ?" ಅಂದ. ಅವನ ಮಾತಿಗೆ ಅಲ್ಲಿದ್ದವರಲ್ಲಿ ಉತ್ತರವಿರಲಿಲ್ಲ. ಪಾತ್ರೆಗಳು ಛತ್ರ ಸೇರಿದ್ದು ಎಂಟು ಗಂಟೆಗೆ. ಉಪ್ಪಿಟ್ಟು ಆಗಿದ್ದು ಮುಹೂರ್ತದ ಹೊತ್ತಿಗೆ. ಬೀಗರ ಮುಂದೆ ಹೆಣ್ಣಿನ ಕಡೆಯವರ ಮುಖ ಹೇಗಾಗಿತ್ತು ಅನ್ನುವುದನ್ನು ಓದುಗರೇ ಊಹಿಸಿಕೊಳ್ಳಬೇಕು.

ಮೋರಿ ಒಡೆದು ತಿಂಗಳುಗಳೇ ಆಗಿವೆ. ಅಗೆದವರು ಯಾರು, ಮುಚ್ಚಬೇಕಾದವರು ಯಾರು ಎಂಬ ಪುರಾಣ ಇನ್ನೊಂದು ದಿನದ ಅಂಕಣಕ್ಕೆ ಇರಲಿ. ಇವತ್ತಿನ ಪ್ರಶ್ನೆ ಬೇರೆ. ಊರಿಗೆಲ್ಲ ಗೊತ್ತಿರುವ ಈ ಹಳ್ಳ ಫೋನಿಗೆ ಯಾಕೆ ಗೊತ್ತಿಲ್ಲ?

ಟೀ ಅಂಗಡಿಯಲ್ಲಿ ಈ ವಿಷಯ ಎತ್ತಿದ್ದೇ ತಪ್ಪಾಯಿತು. ಒಬ್ಬರು ಗೂಗಲ್ಲೇ ಗುರು ಎಂದರು. ಇನ್ನೊಬ್ಬರು ಸ್ವದೇಶಿ ಮ್ಯಾಪಲ್ಸ್ ಹಾಕ್ಕೊಳ್ಳಿ ಸಾರ್, ನಮ್ಮ ದೇಶದ ರಸ್ತೆ ನಮ್ಮೋರಿಗೇ ಗೊತ್ತಿರೋದು ಎಂದರು. ಕಾಲೇಜು ಹುಡುಗನೊಬ್ಬ ಆಪಲ್ ಫೋನು ತೆಗೆದು ತೋರಿಸಿದ. ಬಾಡಿಗೆ ಕಾರಿನವರೊಬ್ಬರು ಓಲಾ ನಕ್ಷೆಯ ಮಾತೆತ್ತಿದರು. ಚುನಾವಣೆಯಲ್ಲಿ ಪಾರ್ಟಿ ಹಿಡಿದ ಹಾಗೆ ಈಗ ಮ್ಯಾಪು ಹಿಡಿಯುವ ಕಾಲ.

ಸರಿ, ಪರೀಕ್ಷೆ ಮಾಡಿಯೇ ಬಿಡೋಣ ಅಂತ ಒಂದು ಬೆಳಿಗ್ಗೆ ಮೂರು ಫೋನು, ಮೂರು ನಕ್ಷೆ ಇಟ್ಟುಕೊಂಡು ಸ್ಕೂಟರಿನಲ್ಲಿ ಹೊರಟೆವು. ಯಾವ ನಕ್ಷೆ ಎಲ್ಲಿ ಎಡವಿತು ಅಂತ ಹೆಸರು ಹಿಡಿದು ಹೇಳುವುದಿಲ್ಲ. ಈ ಪತ್ರಿಕೆ ನಿಮ್ಮ ಕೈ ಸೇರುವಷ್ಟರಲ್ಲಿ ಅದು ತಿದ್ದಿಕೊಂಡು, ಇನ್ನೊಂದು ಎಡವಿರಲೂಬಹುದು. ಬಸ್ ನಿಲ್ದಾಣ, ಆಸ್ಪತ್ರೆ, ಹಾಸನಾಂಬ ದೇವಸ್ಥಾನ ಮೂರಕ್ಕೂ ಗೊತ್ತು. ಬಿ.ಎಂ. ರಸ್ತೆಯಲ್ಲಿ ಇರುವತನಕ ಮೂರೂ ಒಂದೇ ತಾಯಿ ಮಕ್ಕಳು. ಒಳಗಿನ ಅಡ್ಡರಸ್ತೆಗೆ ಇಳಿದ ಮೇಲೆ ಒಂದೊಂದು ಒಂದೊಂದು ಕಡೆ ಎಳೆಯತೊಡಗಿದವು. ಒಂದು ನಮ್ಮನ್ನು ಎರಡು ಮನೆಗಳ ನಡುವಿನ ಸಂದಿಗೆ ಕರೆದೊಯ್ದಿತು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಅಕ್ಕನವರು "ಮತ್ತೆ ಒಬ್ರು ಬಂದ್ರು ನೋಡ್ರಪ್ಪ" ಎಂದು ಒಳಗೆ ಕೂಗಿದರು. ಇನ್ನೊಂದು, ಎದುರಿಗೆ ಕಾಂಪೌಂಡು ಗೋಡೆ ನಿಂತಿದ್ದರೂ ಮುಂದೆ ಹೋಗಿ ಎಂದಿತು. ಒಡೆದ ಮೋರಿಯ ದಾರಿಯನ್ನು ಮೂರೂ ಒಳ್ಳೆಯ ದಾರಿ ಎಂದೇ ತೋರಿಸಿದವು. ಅಷ್ಟರಮಟ್ಟಿಗೆ ಅವುಗಳಲ್ಲಿ ಒಗ್ಗಟ್ಟಿದೆ.

ಹಳ್ಳಿ ಹೆಸರು ಹಾಕಿದರೆ ಇನ್ನೂ ಮಜ. ಹೊಸಹಳ್ಳಿ ಎಂದು ಹುಡುಕಿ, ಸಾಲಾಗಿ ಹೊಸಹಳ್ಳಿಗಳು ಬಂದು ನಿಲ್ಲುತ್ತವೆ. ಕರ್ನಾಟಕದಲ್ಲಿ ಹೊಸಹಳ್ಳಿಗೆ ಬರವೇ? ಮೊದಲು ಬಂದದ್ದನ್ನು ಒತ್ತಿ ಹೊರಟರೆ ಬೇರೆ ತಾಲ್ಲೂಕಿಗೆ ಪ್ರಯಾಣ. ಹಾಗಾಗಿ ಊರ ಹೆಸರಿನ ಜತೆಗೆ ಹೋಬಳಿಯನ್ನೋ ತಾಲ್ಲೂಕನ್ನೋ ಪಿನ್ ಕೋಡನ್ನೋ ಹಾಕಿಯೇ ಹುಡುಕಬೇಕು.

ಇದು ನಗೆಚಾಟಿಕೆಯ ವಿಷಯವಲ್ಲ. 2012ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿ ತನ್ನ ಫೋನುಗಳಿಂದ ಗೂಗಲ್ ನಕ್ಷೆಯನ್ನು ತೆಗೆದು ತನ್ನದೇ ನಕ್ಷೆ ಕೂರಿಸಿತು. ತಪ್ಪುಗಳು ಎಷ್ಟಿದ್ದವೆಂದರೆ ಅದೇ ತಿಂಗಳು ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಬಹಿರಂಗವಾಗಿ ಕ್ಷಮೆ ಕೇಳಿ, ಅಲ್ಲಿಯತನಕ ಬೇರೆಯವರ ನಕ್ಷೆ ಬಳಸಿಕೊಳ್ಳಿ ಎಂದರು. ವ್ಯಾಪಾರಿ ತನ್ನ ಗಿರಾಕಿಯನ್ನು ಎದುರಂಗಡಿಗೆ ಕಳಿಸಿದ ಹಾಗೆ! ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪೊಲೀಸರು ಎಚ್ಚರಿಕೆ ಹೊರಡಿಸಬೇಕಾಯಿತು. ಮಿಲ್ಡುರಾ ಎಂಬ ಊರಿಗೆ ಹೊರಟವರನ್ನು ಆ ನಕ್ಷೆ ಸುಮಾರು 70 ಕಿಲೋಮೀಟರು ದೂರದ ನೀರಿಲ್ಲದ ಕಾಡುಬಯಲಿಗೆ ಒಯ್ದು ಬಿಡುತ್ತಿತ್ತು. ಕೆಲವರು 24 ಗಂಟೆಯತನಕ ಅನ್ನ ನೀರಿಲ್ಲದೆ ಸಿಕ್ಕಿಬಿದ್ದಿದ್ದರು. ಕಾರಣ ವಿಚಾರಿಸಿದರೆ ಅಲ್ಲಿನ ಸರ್ಕಾರಿ ಊರುಪಟ್ಟಿಯಲ್ಲೇ ಮಿಲ್ಡುರಾ ಹೆಸರು ಎರಡು ಕಡೆ ಇತ್ತು. ನಮ್ಮ ಹೊಸಹಳ್ಳಿ ಕಥೆಯೇ.

ಇನ್ನೊಂದು ನಮ್ಮ ದೇಶದ್ದೇ, ಇನ್ನೂ ಕಹಿಯಾದದ್ದು. 2024ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ರಾಮಗಂಗಾ ನದಿಯ ಸೇತುವೆ ಮೇಲಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಅದಕ್ಕೆ ಮೊದಲೇ ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಮಾತ್ರ ಅದು ದಾರಿಯಾಗಿಯೇ ಇತ್ತೆಂದು ಪೊಲೀಸರು ಹೇಳಿದರು. ದೂರು ದಾಖಲಾದದ್ದು ಲೋಕೋಪಯೋಗಿ ಇಲಾಖೆಯ ಎಂಜಿನಿಯರುಗಳ ಮೇಲೆ. ಜತೆಗೆ ಗೂಗಲ್ ನಕ್ಷೆಯ ಅಧಿಕಾರಿಯೊಬ್ಬರನ್ನೂ ಸೇರಿಸಿದರು. ಸೇತುವೆಯ ಬಾಯಿಗೆ ನೆಟ್ಟಗೆ ಒಂದು ತಡೆ ಕಟ್ಟಿದ್ದರೆ ನಕ್ಷೆ ಏನು ಹೇಳಿದರೂ ಮೂರು ಜೀವ ಉಳಿಯುತ್ತಿದ್ದವು ಅನ್ನುವುದು ಈ ಅಂಕಣಕಾರನ ಅಭಿಪ್ರಾಯ.

ಅಷ್ಟಕ್ಕೂ ಈ ನಕ್ಷೆಗಳಿಗೆ ನಮ್ಮ ರಸ್ತೆ ಗೊತ್ತಾಗುವುದು ಹೇಗೆ? ಆಕಾಶದಲ್ಲಿ ಯಾರೋ ಕೂತು ನೋಡುತ್ತಿದ್ದಾರೆಂದು ಬಹಳ ಜನ ತಿಳಿದಿದ್ದಾರೆ. ಅರ್ಧ ನಿಜ. ಉಪಗ್ರಹಗಳು ಹೇಳುವುದು ನೀವು ಎಲ್ಲಿದ್ದೀರಿ ಎಂಬುದನ್ನು ಮಾತ್ರ. 2000ನೇ ಇಸವಿ ಮೇ ತಿಂಗಳತನಕ ಅಮೆರಿಕ ತನ್ನ ಜಿಪಿಎಸ್ ಸಂಕೇತಕ್ಕೆ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಲೆಕ್ಕ ಚೊಕ್ಕಟವಾಗಿ, ಈಗ ಬಯಲಿನಲ್ಲಿ ನಿಂತರೆ ಫೋನು ಹೆಚ್ಚುಕಡಿಮೆ 5 ಮೀಟರಿನೊಳಗೆ ಜಾಗ ಹೇಳುತ್ತದೆ. ಆದರೆ ನಿಮ್ಮ ಕಾಲಡಿಯ ರಸ್ತೆ ಇದೆಯೋ ಕಿತ್ತುಹೋಗಿದೆಯೋ ಉಪಗ್ರಹಕ್ಕೆ ಗೊತ್ತಿಲ್ಲ. ಅದನ್ನು ಹೇಳಬೇಕಾದವರು ನೆಲದ ಮೇಲಿನವರು. ಕಂಪನಿಯ ಸಮೀಕ್ಷೆಯವರು, ಸರ್ಕಾರ, ಇಲ್ಲಾ ಓಡಾಡುವ ಜನ.

ಟ್ರಾಫಿಕ್ಕು ಕೆಂಪಾಗಿದೆ, ಹಸಿರಾಗಿದೆ ಅಂತ ತೋರಿಸುವುದು ನಮ್ಮ ನಿಮ್ಮ ಫೋನುಗಳ ವೇಗ ನೋಡಿ. ಇದರ ಗುಟ್ಟನ್ನು ಸೈಮನ್ ವೆಕರ್ಟ್ ಎಂಬ ಜರ್ಮನಿಯ ಕಲಾವಿದ 2020ರಲ್ಲಿ ತಮಾಷೆಯಾಗಿ ಬಯಲು ಮಾಡಿದ. ಒಂದು ಪುಟ್ಟ ಕೈಗಾಡಿಗೆ 99 ಹಳೇ ಫೋನು ತುಂಬಿಸಿಕೊಂಡು ಬರ್ಲಿನ್ನಿನ ಖಾಲಿ ಬೀದಿಯಲ್ಲಿ ನಿಧಾನಕ್ಕೆ ಎಳೆದುಕೊಂಡು ಹೋದ. ಗೂಗಲ್ ನಕ್ಷೆಯಲ್ಲಿ ಆ ಬೀದಿ ಕೆಂಪಾಯಿತು! ಫೋನುಗಳೇ ಓಡಾಡದ ಕಡೆ ಇದು ತಿರುಗುಮುರುಗು. ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ನಿಮಿಷಕ್ಕೆ ಸಾವಿರ ಫೋನು ಸುದ್ದಿ ಹೇಳಬಹುದು. ನಮ್ಮ ಮೋರಿ ದಾರಿಯಲ್ಲಿ ಹೇಳುವವರು ಯಾರು? ಊರವರು ಅಲ್ಲಿ ಗಾಡಿಯೇ ಬಿಡುವುದಿಲ್ಲ. ಗಾಡಿ ಹೋಗದ ಕಡೆ ಜಾಮೂ ಇಲ್ಲ. ಜಾಮಿಲ್ಲದ ದಾರಿ ನಕ್ಷೆಗೆ ಒಳ್ಳೆ ದಾರಿ.

ದೊಡ್ಡ ಕಂಪನಿಗಳ ಜಗಳ ನಡೆಯುವುದೂ ದೊಡ್ಡ ಊರಿಗಾಗಿಯೇ. 2024ರ ಜುಲೈನಲ್ಲಿ ಓಲಾದವರು ಗೂಗಲ್ ಬಿಟ್ಟು ಸ್ವಂತ ನಕ್ಷೆಗೆ ಹೋಗುತ್ತೇವೆಂದರು. 1995ರಿಂದ ಈ ಕೆಲಸ ಮಾಡಿಕೊಂಡು ಬಂದ, ಮ್ಯಾಪಲ್ಸ್‌ನ ಒಡೆಯರಾದ ಮ್ಯಾಪ್‌ಮೈಇಂಡಿಯಾದವರು, ನಮ್ಮ ಸರಕು ನಕಲು ಮಾಡಿದ್ದಾರೆ ಅಂತ ಓಲಾ ಎಲೆಕ್ಟ್ರಿಕ್‌ಗೆ ನೋಟಿಸು ಕೊಟ್ಟರು. ಅವರು ಇಲ್ಲ ಎಂದರು. ಗೂಗಲ್ಲು ನಕ್ಷೆ ಕೊಳ್ಳುವ ಭಾರತದ ಕಂಪನಿಗಳಿಗೆ ಆಗಸ್ಟ್ 1ರಿಂದ ದರವನ್ನು ಶೇಕಡಾ 70ರವರೆಗೆ ಇಳಿಸಿತು. ಅದೇ ಹೊತ್ತಿಗೆ ಇಕ್ಕಟ್ಟಾದ ರಸ್ತೆ ತಪ್ಪಿಸಿ ಕಾರಿಗೆ ದಾರಿ ತೋರಿಸುವ ಏರ್ಪಾಡನ್ನೂ ಮಾಡಿತು. ಮೊದಲು ಎಂಟು ಊರಿಗೆ. ಬೆಂಗಳೂರು, ಚೆನ್ನೈ, ಹೈದರಾಬಾದು ಇದ್ದವು. ನಮ್ಮ ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ. ನಮ್ಮ ರಸ್ತೆಗಳು ಅಷ್ಟು ವಿಶಾಲವಾಗಿವೆ ಅಂತಲೋ ಏನೋ!

ಇನ್ನು ವ್ಯಾಪಾರಿಗಳ ಪಾಡು. ಗಾಂಧಿ ಬಜಾರಿನ ಕಡೆಯ ಬಟ್ಟೆ ಅಂಗಡಿಯವರೊಬ್ಬರು ಮಳಿಗೆ ಬದಲಾಯಿಸಿ ಎರಡು ರಸ್ತೆ ಆಚೆಗೆ ಹೋದರು. ಬೋರ್ಡು ಹೋಯಿತು, ಬೀರು ಹೋಯಿತು, ದೇವರ ಪಟವೂ ಹೋಯಿತು. ನಕ್ಷೆಯ ಗುರುತು ಮಾತ್ರ ಹಳೇ ಜಾಗದಲ್ಲೇ ಉಳಿಯಿತು. ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. "ದೀಪಾವಳೀಲಿ ಅರಸೀಕೆರೆ ಕಡೆಯಿಂದ ಬಂದ ಗಿರಾಕಿಗಳು ಅಲ್ಲಿಗೆ ಹೋಗಿ, ಅಂಗಡಿ ಮುಚ್ಚಿಬಿಟ್ಟವ್ರೆ ಅಂದ್ಕೊಂಡು ವಾಪಸ್ ಹೋಗವ್ರೆ ಸಾರ್. ಎಷ್ಟು ಜನ ಹೋದ್ರೋ ಲೆಕ್ಕ ಯಾರಿಟ್ಟವ್ರೆ?" ಎಂದು ಅವರು ನಮ್ಮೆದುರು ಹೊಟ್ಟೆ ಉರಿದುಕೊಂಡರು. ನಷ್ಟ ಕಣ್ಣಿಗೆ ಕಾಣುವುದಿಲ್ಲ, ಅದೇ ಕಷ್ಟ. ಬಂದು ಚೌಕಾಸಿ ಮಾಡಿ ಹೋದ ಗಿರಾಕಿಯ ಮುಖವಾದರೂ ನೆನಪಿರುತ್ತದೆ. ಬಾರದೇ ಹೋದವನದ್ದು ಹೇಗೆ?

ಇದಕ್ಕೆ ಮದ್ದು ಇದೆ, ಕಾಸೂ ಬೇಡ. ಗೂಗಲ್ ನಕ್ಷೆಯಲ್ಲಿ ಅಂಗಡಿ ಹೆಸರು ಒತ್ತಿದರೆ ತಿದ್ದುಪಡಿ ಸೂಚಿಸುವ ಜಾಗ ಬರುತ್ತದೆ. ಇದು ನನ್ನದೇ ಅಂಗಡಿ ಎಂದು ನೀವೇ ಹಕ್ಕು ಸ್ಥಾಪಿಸಿಕೊಳ್ಳಬಹುದು. ಅವರು ಫೋನು ಮಾಡಿಯೋ ಅಂಗಡಿಯ ವೀಡಿಯೊ ಕೇಳಿಯೋ ಖಾತ್ರಿ ಮಾಡಿಕೊಳ್ಳುತ್ತಾರೆ. ಆಮೇಲೆ ಜಾಗ, ಬಾಗಿಲು ತೆಗೆಯುವ ಹೊತ್ತು, ವಾರದ ರಜೆ ಎಲ್ಲ ನಿಮ್ಮ ಕೈಯಲ್ಲೇ. ಆಪಲ್ಲೂ ಇಂಥದೇ ಬಿಟ್ಟಿ ಏರ್ಪಾಡನ್ನು 2023ರಲ್ಲಿ ಮಾಡಿದೆ. "ಗೂಗಲ್‌ನಿಂದ ಬಂದಿದೀವಿ, ಐದು ಸಾವಿರ ಕೊಡಿ" ಅಂತ ಯಾರಾದರೂ ಬಂದರೆ ಕಾಫಿ ಕುಡಿಸಿ ಕಳಿಸಿ, ಕಾಸು ಕೊಡಬೇಡಿ. ಅಂಚೆ ಇಲಾಖೆ 2025ರಲ್ಲಿ ಡಿಜಿಪಿನ್ ಎಂಬುದನ್ನೂ ತಂದಿದೆ. ದೇಶವನ್ನೆಲ್ಲ 4 ಮೀಟರು ಉದ್ದಗಲದ ಚೌಕ ಮಾಡಿ ಒಂದೊಂದಕ್ಕೂ 10 ಅಕ್ಷರ-ಅಂಕಿಗಳ ಸಂಕೇತ ಕೊಟ್ಟಿದ್ದಾರೆ. ಬಾಗಿಲು ಸಂಖ್ಯೆ ಇಲ್ಲದ ಅಂಗಡಿಗೂ ಒಂದು ವಿಳಾಸವಾಯಿತು. ಪಾರ್ಸೆಲ್ ಹುಡುಗರು ಅದನ್ನು ಕೇಳುವ ಕಾಲ ಬರಲಿ.

ಬಸ್ಸಿನವರಿಗೆ ಈ ನಕ್ಷೆಗಳಿಂದ ಉಪಯೋಗ ಸ್ವಲ್ಪ ಕಮ್ಮಿಯೇ. ಬೆಂಗಳೂರಿನಲ್ಲಿ 2023ರಲ್ಲಿ ಬಂದ ನಮ್ಮ ಬಿಎಂಟಿಸಿ ಆ್ಯಪು ಬಸ್ಸು ಎಲ್ಲಿ ಬರುತ್ತಿದೆ ಅಂತ ತೋರಿಸುತ್ತದೆ, ಬಸ್ಸಿನಲ್ಲೇ ಜಿಪಿಎಸ್ ಇರುವುದರಿಂದ. ನಮ್ಮ ಹಳ್ಳಿ ಬಸ್ಸು ಹೊರಟಿದೆಯೋ ಕೆಟ್ಟಿದೆಯೋ ತಿಳಿಯಬೇಕಾದರೆ ನಿಲ್ದಾಣದ ಕಂಟ್ರೋಲರನ್ನು ಕೇಳುವುದೇ ಇವತ್ತಿಗೂ ಒಳ್ಳೆಯದು. ಅವರು ಸಿಟ್ಟಿನಲ್ಲಿದ್ದರೂ ಸರಿ. ನಕ್ಷೆಯ ಒಂದು ಉಪಯೋಗ ಮಾತ್ರ ರಾತ್ರಿ ಪ್ರಯಾಣಿಕರಿಗೆ ಗೊತ್ತಿರಲಿ. ಮೊದಲೇ ವೈಫೈ ಇರುವ ಕಡೆ ನಕ್ಷೆ ಇಳಿಸಿ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದಿದ್ದರೂ ಫೋನು ಎಲ್ಲಿದ್ದೀರೆಂದು ತೋರಿಸುತ್ತದೆ. ಜಿಪಿಎಸ್‌ಗೆ ಇಂಟರ್‌ನೆಟ್ ಬೇಕಿಲ್ಲ. ಗೂಗಲ್ಲಿನಲ್ಲೂ ಆಗುತ್ತದೆ; ಜನರೇ ಕೂಡಿ ಬರೆಯುವ ಓಪನ್ ಸ್ಟ್ರೀಟ್ ಮ್ಯಾಪ್ ಮೇಲೆ ಕಟ್ಟಿದ ಆರ್ಗ್ಯಾನಿಕ್ ಮ್ಯಾಪ್ಸ್ ಇರುವುದೇ ಇದಕ್ಕಾಗಿ. ಇಳಿಯುವ ಊರು ದಾಟಿ ನಿದ್ದೆ ಹೋಗುವವರಿಗೆ ಅನುಕೂಲ.

ಘಾಟಿಯ ವಿಷಯದಲ್ಲಿ ಮಾತ್ರ ಯಾವ ನಕ್ಷೆಯನ್ನೂ ಕಣ್ಣು ಮುಚ್ಚಿ ನಂಬಬೇಡಿ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆ ಬಳಿ ಗುಡ್ಡ ಜಾರಿ ಶಿರಾಡಿ ದಾರಿ ಬಂದಾದದ್ದು ನೆನಪಿದೆಯಲ್ಲ? ಗುಡ್ಡ ಜಾರುವುದು ನಿಮಿಷದಲ್ಲಿ. ನಕ್ಷೆ ತಿದ್ದುವುದು ಯಾರಾದರೂ ಹೇಳಿದ ಮೇಲೆ. ಅದು ಸೂಚಿಸುವ ಬದಲಿ ದಾರಿ ಬಿಸಿಲೆ ಕಡೆಯದೋ ಚಾರ್ಮಾಡಿಯದೋ ಆದರೆ ನಿಮ್ಮ ಗಾಡಿಗೆ ಅಲ್ಲಿ ಬಿಡುತ್ತಾರೋ ಇಲ್ಲವೋ ಜಿಲ್ಲಾಡಳಿತದ ಆದೇಶ ನೋಡಬೇಕು. ಮಳೆಗಾಲದಲ್ಲಿ ಹೊರಡುವ ಮುಂಚೆ ಸಕಲೇಶಪುರದಲ್ಲಿ ಗೊತ್ತಿರುವವರಿಗೆ ಒಂದು ಫೋನು ಮಾಡಿ. ಫೋನಿಗೆ ಆ ಉಪಯೋಗವೂ ಇದೆ.

ಯಾವ ನಕ್ಷೆ ಒಳ್ಳೆಯದು ಅಂತ ಕೇಳುತ್ತೀರಾ? ಅಂಗಡಿ ಹುಡುಕಲು ನಾವು ಗೂಗಲ್ಲನ್ನೇ ತೆಗೆಯುತ್ತೇವೆ, ಜನ ಹೆಚ್ಚು ತುಂಬಿಸಿದ್ದಾರೆ. ದೂರದ ಪ್ರಯಾಣಕ್ಕೆ ಮ್ಯಾಪಲ್ಸನ್ನೂ ಪಕ್ಕದಲ್ಲಿಟ್ಟು ನೋಡುತ್ತೇವೆ. ಎರಡೂ ಬೇರೆ ಬೇರೆ ದಾರಿ ಹೇಳಿದರೆ ಗಾಡಿ ನಿಲ್ಲಿಸಿ ಟೀ ಕುಡಿಯುತ್ತೇವೆ. ಟೀ ಅಂಗಡಿಯವರಿಗೆ ಗೊತ್ತಿರುತ್ತದೆ.

ಅಂದಹಾಗೆ, ಮೋರಿ ದಾರಿ ಮುಚ್ಚಿದೆ ಎಂದು ಮೂರೂ ನಕ್ಷೆಗಳಿಗೆ ಪರೀಕ್ಷೆಯ ದಿನವೇ ಬರೆದು ಹಾಕಿದೆವು. ಒಂದು ನಾಲ್ಕನೇ ದಿನ ದಾರಿಯನ್ನು ಕೆಂಪು ಗೆರೆ ಎಳೆದು ಮುಚ್ಚಿತು. ಇನ್ನೊಂದು ಪರಿಶೀಲಿಸುತ್ತಿದ್ದೇವೆ ಎಂದಿದೆ. ಮೂರನೆಯದು ವಂದನೆ ತಿಳಿಸಿ ಸುಮ್ಮನಾಗಿದೆ. ರಸ್ತೆ ಅಗೆದವರಿಗೂ ಒಂದು ಕಾಗದ ಬರೆದಿದ್ದೆವು, ಅವರಿಂದ ವಂದನೆಯೂ ಬಂದಿಲ್ಲ. ಮೊನ್ನೆ ಸಂಜೆ ಹೋಗಿ ನೋಡಿದಾಗ ಆ ಹಿರಿಯರು ಒಂದು ಟಾರ್ ಡ್ರಮ್ಮು ಉರುಳಿಸಿ ತಂದು ಮೋರಿಯ ಮುಂದೆ ನಿಲ್ಲಿಸಿ, ಮೇಲೊಂದು ಹೊಂಗೆ ಕೊಂಬೆ ಸಿಕ್ಕಿಸಿದ್ದರು. ರಾತ್ರಿ ಕಾಣಲಿ ಅಂತ ಮೊಮ್ಮಗನ ಹಳೇ ಬಿಳಿ ಯೂನಿಫಾರಂ ಅಂಗಿಯನ್ನೂ ಅದಕ್ಕೆ ತೊಡಿಸಿದ್ದರು.